ಕಾಕಾನ ಹೊಟ್ಟೆಗೆ ಬಟ್ಟೆ ಕ್ಲಿಪ್

ನೀವು ನಂಬಲಿಕ್ಕಿಲ್ಲ, ನಮ್ಮ ಕಾಕಾನ ಹೊಟ್ಟೆಯನ್ನು ನಾನು ಬಟ್ಟೆ ಕ್ಲಿಪ್ ಹಾಕಿ ಎದೆಗೆ ಸಿಕ್ಕಿಸಿದ್ದೇನೆ! ತೂಕ ಇಳಿಸಿದ ಮೇಲೆ ಅವನ ಹೊಕ್ಕುಳ ಮೇಲಿನ ಚರ್ಮ ಖಾಲಿ ಗೋಣಿಚೀಲದಂತೆ ಜೋತುಬಿದ್ದಿತ್ತು. ಕೆಳಗೆಳೆದು ಸೊಂಟದಲ್ಲಿ ಹೊಲಿಯಬಹುದು, ಇಲ್ಲವೇ ಮೇಲೆಳೆದು ಎದೆಯಡಿ ಹೊಲಿಯಬಹುದು ಎಂದಿದ್ದರು ಬೆಳಗಾವಿಯ ಡಾಕ್ಟರು. ಯಾವುದೆಂದು ನಾಳೆ ಹೇಳಬೇಕಿತ್ತು. ಕಾಕಾ ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತ.

"ಮ್ಯಾಲೆ ಎಳದ್ರ ಹೀರೋ ಆಗ್ತಿ ಕಾಕಾ. ಆದ್ರ ಮುನವಳ್ಳಿ ಹೊಳ್ಯಾಗ ಈಜಾಕ ಇಳದ್ರ ಹೊಲಿಗಿ ಊರಿಗೆಲ್ಲ ಕಾಣತೈತಿ."

"ಹಂಗಾರ ಕೆಳಗ ಎಳದ ತೋರ್ಸಲೇ!"

ಅಷ್ಟರಲ್ಲಿ ಅವ್ವ ಒಳಗೆ ಬಂದಳು. "ನನ್ನ ಕ್ಲಿಪ್ ಕೊಡ್ರಿ ಇಬ್ರೂ! ಹಗ್ಗದ ಮ್ಯಾಲಿನ ಸೀರಿ ಹಾರಿ ಗಟಾರದಾಗ ಬಿದ್ದೈತಿ."

ಸೀರೆ ನಾವೇ ಒಗೆದೆವು. ಬಾಗಿದಾಗ ಕಾಕಾನ ಚರ್ಮವೂ ಬಕೆಟ್ಟಿಗಿಳಿಯಿತು. "ಎಲ್ಲ್ಯಾರ ಹೊಲೀಲಿ ಬಿಡೋ," ಎಂದ ಕಾಕಾ.