ಲೀಲಾಮ್ಮ ಕಾಯುತ್ತಿದ್ದ ಗಂಟೆ

ಆಲಂಕಾರಿನಲ್ಲಿ ನಮ್ಮ ಮನೆಯಿಂದ ಮೂರನೆಯದು ಲೀಲಾಮ್ಮನ ಮನೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಕೇರಳದಿಂದ ಬಂದವಳು. ಗಂಡ ಐಪ್ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿ ಹಾಲು ತಂದರೆ, ಇವಳು ಅದನ್ನು ಹೆಪ್ಪುಗಟ್ಟಿಸಿ ಶೀಟು ಒತ್ತುತ್ತಿದ್ದಳು. ಅವರ ಮೊದಲ ಕೂಸು ಬದುಕಿದ್ದು ಒಂಬತ್ತೇ ದಿನ. ಬಾಣಂತಿ ಜ್ವರದಲ್ಲಿ ಇವಳಿಗೆ ಎಚ್ಚರವಿರಲಿಲ್ಲ. ಐಪ್ ಒಬ್ಬರೇ ಕೂಸನ್ನು ಎತ್ತಿಕೊಂಡು ಹೋಗಿ ಚರ್ಚಿನ ಜಾಗದಲ್ಲಿ ಮಣ್ಣು ಮಾಡಿ ಬಂದರು. ಹೆಸರಿಡುವ ಮೊದಲೇ ಹೋದದ್ದಕ್ಕೆ ಕಲ್ಲೂ ಇಲ್ಲ, ಶಿಲುಬೆಯೂ ಇಲ್ಲ. ಎಲ್ಲಿ ಎಂದು ಕೇಳಿದರೆ ಐಪ್ ಎದ್ದು ಹೋಗುತ್ತಿದ್ದರು. ನಲವತ್ತೆರಡು ವರ್ಷ ಹೀಗೇ ಕಳೆಯಿತು.

ಹೋದ ವರ್ಷ ಬೆನ್ನುಮೂಳೆಯ ಕಾಯಿಲೆಯಿಂದ ಐಪ್ ಹಾಸಿಗೆ ಹಿಡಿದರು. ಆರು ಗಂಟೆಗೊಮ್ಮೆ ನೋವಿನ ಮಾತ್ರೆ. ನುಂಗಿ ಮುಕ್ಕಾಲು ಗಂಟೆಗೆ ನೋವು ಇಳಿದು ಮುಖ ಹಗುರಾಗುತ್ತಿತ್ತು, ಮಾತಾಡುತ್ತಿದ್ದರು. ಆಮೇಲೆ ಪುನಃ ನರಳಾಟ. ಅಂಥ ಒಂದು ಮಧ್ಯಾಹ್ನ ತಾವಾಗಿಯೇ, "ಕೂಸಿನ ಕೈ ಮುಚ್ಚಿಯೇ ಇತ್ತು ಲೀಲೇ, ಬಿಡಿಸ್ಲಿಕ್ಕೆ ಆಗ್ಲಿಲ್ಲ" ಎಂದರಂತೆ. ಅಷ್ಟು ಹೇಳಿ ನಿದ್ದೆ ಹೋದರು.

ಆ ವಾರವೇ ಡಾಕ್ಟರು ಮಾತ್ರೆ ಬದಲಿಸಿದರು. ನಿಧಾನ ಕೆಲಸ ಮಾಡುವ ಜಾತಿಯದು, ಬೆಳಿಗ್ಗೆ ಒಂದು, ಸಂಜೆ ಒಂದು. ನರಳಾಟ ನಿಂತಿತು. ಆದರೆ ಮಾತಿನ ಆ ಗಂಟೆಯೂ ಹೋಯಿತು. ಐಪ್ ಸುಮ್ಮನೆ ಮಾಡಿನ ಹಂಚು ನೋಡುತ್ತ ಮಲಗಿರುತ್ತಿದ್ದರು. ಲೀಲಾಮ್ಮ ಹದಿನೈದು ದಿನ ಕಾದಳು. ಮರುದಿನ ಬೆಳಿಗ್ಗೆ, ಬೇಗ ಹಿಡಿಯಲಿ ಎಂದು, ಮಾತ್ರೆಯನ್ನು ಕುಟ್ಟಿ ಗಂಜಿಗೆ ಬೆರೆಸಿ ಕುಡಿಸಿದಳು.

ಸ್ವಲ್ಪ ಹೊತ್ತಿಗೆಲ್ಲ ನನ್ನನ್ನು ಕೂಗಿದಳು. ಹೋಗಿ ನೋಡಿದರೆ ಐಪ್ ಅವರ ತುಟಿ ನೀಲಿ, ಉಸಿರು ಎಣಿಸುವಷ್ಟು ನಿಧಾನ. ಆಂಬುಲೆನ್ಸಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಸಾಗಿಸಿದೆವು.

"ಎಂತ ಕೊಟ್ಟದ್ದು ಅಮ್ಮ? ಇದ್ದದ್ದು ಇದ್ದ ಹಾಗೆ ಹೇಳಿ" ಎಂದಳು ನರ್ಸ್ ಗಾನಶ್ರೀ.

"ನೀವು ಕೊಟ್ಟ ಮಾತ್ರೆಯೇ. ಕುಟ್ಟಿ ಕೊಟ್ಟೆ."

"ಅಯ್ಯೋ ಮಾರಾಯ್ರೆ! ಹನ್ನೆರಡು ಗಂಟೆ ಹೊತ್ತು ಸ್ವಲ್ಪ ಸ್ವಲ್ಪವೇ ಬಿಡುವ ಮದ್ದು ಅದು. ಕುಟ್ಟಿದ್ರೆ ಅಷ್ಟೂ ಒಟ್ಟಿಗೇ ಹೋಗ್ತದೆ. ಕುಟ್ಟುದು, ತುಂಡು ಮಾಡುದು, ಜಗಿಯುದು ಯಾವುದೂ ಆಗುದಿಲ್ಲ. ನುಂಗ್ಲಿಕ್ಕೆ ಕಷ್ಟ ಆದ್ರೆ ನಮ್ಮತ್ರ ಕೇಳಿ, ಬೇರೆ ದಾರಿ ಉಂಟು. ಹಳೇ ಮಾತ್ರೆ ಉಳಿದಿದ್ರೆ ಡಾಕ್ಟ್ರನ್ನು ಕೇಳದೆ ಕೊಡ್ಬೇಡಿ."

ಏಕೆ ಕುಟ್ಟಿದೆ ಎಂದು ಲೀಲಾಮ್ಮ ಅವಳಿಗೆ ಹೇಳಲಿಲ್ಲ. ಹೊರಗೆ ಬೆಂಚಿನಲ್ಲಿ ನನಗೆ ಹೇಳಿದಳು. "ಇನ್ನೊಂದು ಮಾತು ಕೇಳುವ ಆಸೆಗೆ ಅವರನ್ನೇ ಕೊಲ್ತಿದ್ದೆ ಅಕ್ಕಾ."

ಮರುದಿನ ಐಪ್ ಕಣ್ಣು ಬಿಟ್ಟರು. "ಎಂತ ಗಂಜಿ ಅದು ಮಾರಾಯ್ತಿ, ಕಹಿ!" ಎಂದು ಬೈದರು. ಇವಳು ನಗಲು ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಈಗ ಮಾತ್ರೆಯನ್ನು ಇಡಿಯಾಗಿ ನುಂಗಿಸುತ್ತಾಳೆ, ಗಡಿಯಾರ ನೋಡಿ. ಐಪ್ ಯಾವಾಗ ಬಾಯಿ ತೆರೆಯುತ್ತಾರೋ ಗೊತ್ತಿಲ್ಲದ ಕಾರಣ ಮನೆಗೆಲಸವನ್ನೆಲ್ಲ ಮಂಚದ ಬುಡಕ್ಕೇ ತಂದುಕೊಂಡಿದ್ದಾಳೆ. ಮೊನ್ನೆ ಅವರು, "ಚರ್ಚಿನ ಗೋಡೆಯಿಂದ ಆರು ಹೆಜ್ಜೆ" ಎಂದರಂತೆ. ಯಾವ ಬದಿಯ ಗೋಡೆ ಎಂದು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚಪ್ಪಲಿ ಕಳಚಿಟ್ಟು, ನಾಲ್ಕೂ ಗೋಡೆಗಳಿಂದ ಆರಾರು ಹೆಜ್ಜೆ ನಡೆದು ಬಂದಳು.