ಗಾಜಿನ ಮನೆಯಲ್ಲಿ ರಘು ಅಂಕಲ್ ಗಿಡಗಳು

ಜನವರಿಯ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ಬುಕಿತ್ ಪಂಜಾಂಗ್‌ನಿಂದ ಹೊರಟೆ. ಹೋಗಬೇಕಾದದ್ದು ಈ ಪುಟ್ಟ ದ್ವೀಪದೇಶದ ಆ ತುದಿಯ ಪಾಸಿರ್ ರಿಸ್‌ಗೆ. ಟ್ಯಾಂಪಿನಿಸ್‌ನಲ್ಲಿ ರೈಲು ಬದಲಿಸಿ ತಲುಪುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯಿತು. ಮಳೆ ಆಗಷ್ಟೇ ನಿಂತಿತ್ತು. ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕುರ್ತಾ ಬೆನ್ನಿಗೆ ಅಂಟಿತು.

ಅಲ್ಲಿರುವುದು ನನ್ನ ಸಹೋದ್ಯೋಗಿ ಶ್ರುತಿಯ ಮನೆ. ಅವಳ ತಾಯಿ ವಿಮಲಾ ಆಂಟಿ ಮೈಸೂರಿನವರು, ಮದುವೆಯಾದ ಮೇಲೆ ಅಡಿಲೇಡ್‌ನಲ್ಲೇ ಇದ್ದವರು. ಗಂಡ ರಘು ಅಂಕಲ್ ತೀರಿಕೊಂಡ ಮೇಲೆ ಅಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟು ಮಗಳ ಹತ್ತಿರ ಬಂದಿದ್ದರು. ಆ ತಿಂಗಳ ಮೊದಲಲ್ಲಿ ಅಡಿಲೇಡ್‌ನಲ್ಲಿ ನಲವತ್ತೈದು ಡಿಗ್ರಿ ಬಿಸಿಲು. ಬಾಡಿಗೆಗಿದ್ದ ಹುಡುಗಿ ಫೋಟೊ ಕಳಿಸಿದ್ದಳು: ತೋಟವೆಲ್ಲ ಸುಟ್ಟುಹೋಗಿದೆ, ಕಿತ್ತು ಜಲ್ಲಿ ಹಾಕಿಸಲೇ? ಹತ್ತು ದಿನವಾದರೂ ಆಂಟಿ ಉತ್ತರ ಕೊಟ್ಟಿರಲಿಲ್ಲ, ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲ. ಮರೀನಾ ಹತ್ತಿರದ ಗಾಜಿನ ಗುಮ್ಮಟದೊಳಗೆ ಆಸ್ಟ್ರೇಲಿಯಾದ ಗಿಡಗಳಿವೆ, ಕರೆದುಕೊಂಡು ಹೋಗುತ್ತೇನೆ ಎಂದು ನಾನೇ ಶ್ರುತಿಗೆ ಹೇಳಿದ್ದೆ.

ಆಂಟಿಯನ್ನು ಕರೆದುಕೊಂಡು ರೈಲು ಹತ್ತಿದೆ. ಅವರೇ ಅಡಿಲೇಡ್ ತೋಟದ ಮಾತು ತೆಗೆದರು. "ಒಂದು ಕಡೆ ನನ್ನ ಗುಲಾಬಿ, ಇನ್ನೊಂದು ಕಡೆ ಅವರ ಕಾಡುಗಿಡ. ಬೂದಿ ಬಳ್ಕೊಂಡಿರೋ ಹಾಗೆ ಎಲೆ, ಮುಟ್ಟಿದ್ರೆ ಚುಚ್ಚತ್ತೆ. ಇದೂ ಒಂದು ತೋಟಾನೇನ್ರೀ ಅಂತ ಬೈತಿದ್ದೆ. ಒಂದರ ಹೆಸರೂ ಕೇಳಲಿಲ್ಲ ಕಣಮ್ಮ."

ಬೇಫ್ರಂಟ್‌ನಲ್ಲಿ ಇಳಿದು ಗುಮ್ಮಟದೊಳಗೆ ಕಾಲಿಟ್ಟಾಗ ತಣ್ಣನೆಯ ಒಣಗಾಳಿ ಮುಖಕ್ಕೆ ಬಡಿಯಿತು. ಆಂಟಿ ಶಾಲು ಹೊದ್ದುಕೊಂಡರು. ಸುಡುಬಿಸಿಲಿಗೆ ಜಗ್ಗದ ಗಿಡಗಳನ್ನು ಇಲ್ಲಿ ಏಸಿ ಹಾಕಿ ಸಾಕುತ್ತಿದ್ದರು. ಕ್ಯಾಂಗರೂವಿನ ಪಂಜದಂಥ ಕೆಂಪು ಹೂವಿನ ಮುಂದೆ ಆಂಟಿ ತಟ್ಟನೆ ನಿಂತರು.

"ಇದು ಅವರದು."

ಪಕ್ಕದಲ್ಲಿ ತೋಟದ ಕೆಲಸದ ಹೆಂಗಸೊಬ್ಬರು ಅದೇ ಗಿಡದ ಒಣಗಿದ ದಂಟುಗಳನ್ನು ಬುಡಕ್ಕೇ ಕತ್ತರಿಸುತ್ತಿದ್ದರು. ಸತ್ತುಹೋಗಿದೆಯಾ ಎಂದು ಆಂಟಿ ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಆಂಟಿ, ಬೇರು ಚೆನ್ನಾಗಿದೆ. ಕತ್ತರಿಸಿದರೆ ಮತ್ತೆ ಬರುತ್ತೆ."

"ನನ್ನ ಬಾಲ್ಕನಿಯಲ್ಲಿ ಬೆಳೆಯಬಹುದಾ?"

"ಹೊರಗೆ ಕಷ್ಟ. ಇಲ್ಲಿನ ಮಳೆಗೆ, ತೇವಕ್ಕೆ ಬೇರು ಕೊಳೆಯುತ್ತೆ."

ನಲವತ್ತೈದು ಡಿಗ್ರಿ ತಡೆಯುವ ಗಿಡ ನಮ್ಮ ಮೂವತ್ತೆರಡನ್ನು ತಡೆಯದು. ಎಷ್ಟು ಬಿಸಿ ಎಂಬುದಕ್ಕಿಂತ ಎಂಥ ಬಿಸಿ ಎಂಬುದೇ ಮುಖ್ಯವೇನೋ ಎಂದು ನಾನು ಯೋಚಿಸುತ್ತಿದ್ದೆ. ಆಂಟಿ ಮೆಲ್ಲಗೆ, "ಮಗಳನ್ನ ನೋಡೋಕೆ ಬಂದಾಗೆಲ್ಲ ಅವರಿಗೂ ಇಲ್ಲಿನ ಸೆಕೆ ಆಗ್ತಾನೇ ಇರ್ಲಿಲ್ಲ" ಎಂದರು.

ಅಲ್ಲೇ ಬೆಂಚಿನ ಮೇಲೆ ಕೂತು ಅಡಿಲೇಡ್‌ಗೆ ವಿಡಿಯೊ ಕಾಲ್ ಮಾಡಿಸಿದರು. ಅಲ್ಲಿ ಮಧ್ಯಾಹ್ನವಾಗಿತ್ತು. ಆ ಹುಡುಗಿ ಫೋನ್ ಹಿಡಿದು ಹಿತ್ತಲಿಗೆ ಹೋದಳು. ಎಲ್ಲೆಲ್ಲೂ ಕಂದುಬಣ್ಣ.

"ಬೇಲಿ ಹತ್ತಿರ ಇರೋ ಅವರ ಪೊದೆಯ ಕೊಂಬೇನ ಉಗುರಿನಿಂದ ಕೆರೆದು ನೋಡಮ್ಮ" ಎಂದು ಆಂಟಿ ಇಂಗ್ಲಿಷಿನಲ್ಲಿ ಹೇಳಿದರು.

"ಅಯ್ಯೋ, ಒಳಗೆ ಹಸಿರಿದೆ!" ಹುಡುಗಿಯ ದನಿಯಲ್ಲಿ ಆಶ್ಚರ್ಯ. ಇನ್ನೊಂದನ್ನು ಕೆರೆದಳು, ಅದೂ ಹಸಿರು. ಗುಲಾಬಿಗಳ ಹತ್ತಿರ ಹೋಗಿ ಒಂದೊಂದನ್ನೇ ಕೆರೆದಳು. ಕೊಂಬೆಗಳು ಲಟಲಟನೆ ಮುರಿದವು. ಒಳಗೂ ಹಸಿರಿರಲಿಲ್ಲ.

ಆಂಟಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಗುಲಾಬಿ ಎಲ್ಲಾ ಕಿತ್ತುಬಿಡು. ಅವರ ಗಿಡಗಳಲ್ಲಿ ಒಣಗಿದ್ದನ್ನ ಕತ್ತರಿಸು ಸಾಕು, ಯಾವುದನ್ನೂ ಕೀಳಬೇಡ."

"ಆ ಕಡೆ ಖಾಲಿ ಆಗುತ್ತಲ್ಲ, ಏನು ಹಾಕಲಿ?"

"ಹೇಳ್ತೀನಿ ಇರು."

ಹನ್ನೆರಡಾಗಿತ್ತು, ನನಗೆ ಹಸಿವು. ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಏನಾದರೂ ತಿನ್ನೋಣವೆಂದು ಬಾಗಿಲವರೆಗೆ ಬಂದು ತಿರುಗಿದರೆ ಆಂಟಿ ಹಿಂದೆ ಇರಲಿಲ್ಲ. ದೂರದಲ್ಲಿ, ಬೂದುಬಣ್ಣದ ಎಲೆಗಳ ನಡುವೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಗಿಡದ ಬುಡದ ಫಲಕವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು.