ಫೋನ್ ನಂಬರ್ ಕೇಳುವ ಪುಟ

ನಿಶಿತಾಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ದೆಹಲಿಯ ಜನಕಪುರಿಯಿಂದ ನೋಯ್ಡಾದ ಆಫೀಸಿಗೆ ಮೆಟ್ರೋದಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಸೀಟು ಖಾಲಿಯಿದ್ದರೂ ಬಾಗಿಲ ಪಕ್ಕ ನಿಂತೇ ಹೋಗುತ್ತಾಳೆ. ಹನ್ನೊಂದು ವರ್ಷದಿಂದ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಚಪ್ಪಲಿ ಅಂಗಡಿ, ಟ್ಯೂಷನ್ ಸೆಂಟರ್, ಮದುವೆ ಹಾಲ್, ಎಲ್ಲವನ್ನೂ ಮಾಡಿದ್ದಾಳೆ. ಆದರೆ ಈ ಮಾರ್ಚ್‌ನಲ್ಲಿ ಬಂದ ಕೆಲಸ ಮಾತ್ರ ಅವಳನ್ನು ಹಿಡಿದು ಅಲ್ಲಾಡಿಸಿಬಿಟ್ಟಿತು.

ಅದು ಅವಳ ಮನೆಗೆ ಹತ್ತಿರದಲ್ಲೇ ಇದ್ದ ಒಂದು ಮಾನಸಿಕ ಆರೋಗ್ಯ ಕೇಂದ್ರದ ವೆಬ್‌ಸೈಟ್. ಹಳೆಯದನ್ನು ತೆಗೆದು ಹೊಸದು ಮಾಡಬೇಕಿತ್ತು. ಕೇಂದ್ರ ನಡೆಸುವ ಡಾಕ್ಟರ್ ಸಬರ್‌ವಾಲ್ ತಮ್ಮ ಕಷ್ಟವನ್ನು ಒಂದೇ ಉಸಿರಿಗೆ ಹೇಳಿದ್ದರು: "ಜನ ಬರ್ತಾರೆ, ಓದ್ತಾರೆ, ಅಪಾಯಿಂಟ್‌ಮೆಂಟ್ ಫಾರ್ಮ್ ಕೂಡ ತುಂಬ್ತಾರೆ. ಕೊನೇ ಪುಟಕ್ಕೆ ಬಂದು ಮಾಯ. ನೂರರಲ್ಲಿ ತೊಂಬತ್ತು ಜನ ಹೀಗೇ."

ನಿಶಿತಾ ಮೊದಲು ಬಣ್ಣವನ್ನು ತಿಳಿಹಸಿರಿಗೆ ಬದಲಿಸಿದಳು. ತಲೆ ಹಿಡಿದುಕೊಂಡು ಕೂತ ಹೆಂಗಸಿನ ಫೋಟೋ ಕಿತ್ತುಹಾಕಿದಳು. ಇಪ್ಪತ್ತೆರಡು ಪ್ರಶ್ನೆಗಳನ್ನು ಆರಕ್ಕೆ ಇಳಿಸಿದಳು. ಕೊನೆಯ ಪುಟದಲ್ಲಿ ಫೋನ್ ನಂಬರ್ ಕೇಳಿ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: 'ಹದಿನೈದು ನಿಮಿಷದಲ್ಲಿ ನಾವೇ ನಿಮಗೆ ಫೋನ್ ಮಾಡುತ್ತೇವೆ.' ಆ ಸಾಲಿನ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಎರಡು ವಾರ ಕಳೆಯಿತು. ಜನ ಮತ್ತೆ ಅದೇ ಪುಟದಿಂದ ಹೊರಟುಹೋಗುತ್ತಿದ್ದರು. ಊಟ ಮಾಡುವಾಗ, ಮೆಟ್ರೋ ಹತ್ತುವಾಗ, ತರಕಾರಿಯವನ ಮುಂದೆ ನಿಂತಾಗ ನಿಶಿತಾ ಮೊಬೈಲ್ ತೆಗೆದು ಬಿಟ್ಟುಹೋದವರ ಲೆಕ್ಕ ನೋಡುತ್ತಿದ್ದಳು. ತೊಂಬತ್ತು, ತೊಂಬತ್ತೊಂದು. ಆಫೀಸಿನ ಗಗನ್ ಕೈಗೆ ಫಾರ್ಮ್ ಕೊಟ್ಟರೆ ಒಂದೂವರೆ ನಿಮಿಷದಲ್ಲಿ ಎಲ್ಲಾ ತುಂಬಿ, "ಚೆನ್ನಾಗಿದೆಯಲ್ಲ ಯಾರ್" ಅಂದ. ಅದರಿಂದೇನೂ ಉಪಯೋಗವಾಗಲಿಲ್ಲ.

ಶನಿವಾರ ಮನೆಯಲ್ಲಿ ಅವಳು ಮೊಬೈಲನ್ನು ಅವ್ವನ ಕೈಗೆ ಕೊಟ್ಟಳು. ಬೊಳ್ಳಮ್ಮನಿಗೆ ಅರವತ್ತಮೂರು. ಗಂಡ ಬಿದ್ದಪ್ಪ ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಅವರು ಆಗ ಪಾರ್ಕಿಗೆ ಹೋಗಿದ್ದರು.

"ಅಪಾಯಿಂಟ್‌ಮೆಂಟ್ ಬೇಕು ಅಂದ್ಕೊಂಡು ತುಂಬು ಅವ್ವ. ಸುಳ್ಳು ಹೆಸರು ಹಾಕು."

ಬೊಳ್ಳಮ್ಮ ಕನ್ನಡಕ ಹಾಕಿಕೊಂಡು 'ಅಮೂಲ್ಯ' ಅಂತ ಹೆಸರು ಬರೆದರು. ತೊಂದರೆ ಏನು ಎಂಬ ಪ್ರಶ್ನೆಯ ಹತ್ತಿರ ಬಹಳ ಹೊತ್ತು ಬೆರಳಾಡಿಸಿದರು. ಕೊನೆಯ ಪುಟ ಬಂತು. ಓದಿದರು. ಮೊಬೈಲನ್ನು ಸೋಫಾದ ಮೇಲಿಟ್ಟು ಎದ್ದೇಬಿಟ್ಟರು.

"ಇವರು ಫೋನ್ ಮಾಡ್ತಾರಾ? ಹಾಗಾದ್ರೆ ಬೇಡ."

"ಇದು ಬರೀ ಟೆಸ್ಟ್ ಅವ್ವ. ಯಾರೂ ಮಾಡಲ್ಲ."

"ಮಾಡಲ್ಲ ಅಂತ ನಿನಗೆ ಗೊತ್ತು. ಆ ಹದಿನೈದು ನಿಮಿಷ ಕಾಯ್ತಾ ಕೂರೋಳು ನಾನು."

ನಿಶಿತಾ ಸೋಫಾದ ಮೇಲಿದ್ದ ಮೊಬೈಲ್ ನೋಡಿದಳು. ತೊಂದರೆಯ ಜಾಗದಲ್ಲಿ ಅವ್ವ ಹಿಂದಿಯಲ್ಲಿ ಬರೆದಿದ್ದರು: 'ಫೋನ್ ಬಂದರೆ ಕೈ ನಡುಗುತ್ತದೆ. ಇಪ್ಪತ್ತಾರು ವರ್ಷದಿಂದ.'

ಮನೆಯಲ್ಲಿ ಫೋನ್ ಬಂದಾಗಲೆಲ್ಲ ಅವ್ವ ಅಡುಗೆಮನೆಗೆ ಹೋಗುವುದು, 'ನೀನೇ ಎತ್ತು' ಅನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಎಲ್ಲರೂ ಒಂದು ಅಭ್ಯಾಸ ಅಂದುಕೊಂಡಿದ್ದರು.

"ಏನಾಗಿತ್ತು ಅವ್ವ?"

ಬೊಳ್ಳಮ್ಮ ಕೂರಲಿಲ್ಲ. ಒಣಗಿದ ಬಟ್ಟೆ ಮಡಚುತ್ತಾ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಹೇಳಿದರು. ನಿಶಿತಾ ಮೂರನೇ ಕ್ಲಾಸಿನಲ್ಲಿದ್ದ ಬೇಸಿಗೆ. ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು, ಬಿದ್ದಪ್ಪ ಅಲ್ಲಿದ್ದರು. ಕ್ವಾರ್ಟರ್ಸಿನ ಆ ಸಾಲಿಗೆಲ್ಲ ಒಂದೇ ಫೋನು, ಅದು ಇವರ ಮನೆಯಲ್ಲಿ. ಅದು ರಿಂಗಾದಾಗಲೆಲ್ಲ, ಗಂಡಂದಿರನ್ನು ಗಡಿಗೆ ಕಳಿಸಿದ್ದ ಎಂಟು ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಒಂದು ದಿನ ಎತ್ತಿದೆ. ಧಾರಿಣಿಯನ್ನ ಕರೀರಿ ಅಂದ್ರು. ಆ ಧ್ವನಿ ಕೇಳಿದಾಗಲೇ ಗೊತ್ತಾಯ್ತು ನನಗೆ. ಅವಳು ಬಾಗಿಲಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ಲು. ನನ್ನ ಹೆಸರಲ್ಲವಲ್ಲ ಅಂತ ಒಂದು ಕ್ಷಣ ಸಮಾಧಾನ ಆಯ್ತು, ನಿಶಿ. ಆಮೇಲೆ ಅವಳನ್ನ ಕರೆದೆ."

ಪಕ್ಕದ ಮನೆಯ ಧಾರಿಣಿ ಆಂಟಿ ಆ ವರ್ಷ ಊರಿಗೆ ಹೊರಟುಹೋದದ್ದಷ್ಟೇ ನಿಶಿತಾಗೆ ನೆನಪು.

"ಅಪ್ಪ ವಾಪಸ್ ಬಂದ್ರಲ್ಲ ಅವ್ವ."

"ಬಂದ್ರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅದಕ್ಕೇ ಯಾರ ಹತ್ತಿರ ಏನಂತ ಹೇಳ್ಲಿ?"

ಸೋಮವಾರ ನಿಶಿತಾ ಡಾಕ್ಟರ ಕೋಣೆಯಲ್ಲಿ ಕುರ್ಚಿಯ ಹಿಂದೆ ನಿಂತೇ ಮಾತಾಡಿದಳು. ಅವ್ವನ ಹೆಸರು ಹೇಳಲಿಲ್ಲ. ಫೋನ್ ಬೇಡ, ಅಂದಳು. ಸಬರ್‌ವಾಲ್ ಒಪ್ಪಲಿಲ್ಲ. "ತಡವಾದ್ರೆ ಅವರ ಮನಸ್ಸು ಬದಲಾಗುತ್ತೆ, ಬೇಟಾ."

"ಫೋನ್ ಅಂದ ಕೂಡಲೇ ಬದಲಾಗ್ತಿದೆ ಸರ್. ಮನೆಯಲ್ಲಿ ಎಲ್ಲರ ಮುಂದೆ ರಿಂಗಾಗುತ್ತೆ. ಏನು ಹೇಳ್ಬೇಕೋ ಗೊತ್ತಿರಲ್ಲ. ಯಾವಾಗ ಮಾತಾಡ್ಬೇಕು ಅನ್ನೋದೂ ಅವರ ಕೈಯಲ್ಲಿ ಉಳಿಯಲ್ಲ."

ಕೊನೆಗೆ ಒಂದು ತಿಂಗಳು ಕೊಟ್ಟರು. ನಿಶಿತಾ ಆ ದಪ್ಪ ಸಾಲನ್ನು ಅಳಿಸಿ ಹೀಗೆ ಬರೆದಳು: 'ನೀವು ಕೇಳದೆ ನಾವು ಫೋನ್ ಮಾಡುವುದಿಲ್ಲ. ಮೆಸೇಜ್ ಕಳಿಸಬಹುದು. ಮಂಗಳವಾರ, ಗುರುವಾರ ಬೆಳಿಗ್ಗೆ ನೇರವಾಗಿ ಬರಬಹುದು.' ಬಾಗಿಲಲ್ಲಿ ಎದುರಾಗುವ ರಿಸೆಪ್ಷನಿಸ್ಟ್ ಹುಡುಗಿ ಪ್ರಕೃತಿಯ ಫೋಟೋ ಹಾಕಿದಳು. ತಿಂಗಳ ಕೊನೆಗೆ ನೂರರಲ್ಲಿ ಹತ್ತರ ಬದಲು ಇಪ್ಪತ್ತೆಂಟು ಜನ ಕೊನೆಯವರೆಗೆ ಉಳಿದಿದ್ದರು. ದೊಡ್ಡ ಪವಾಡವೇನಲ್ಲ. ಡಾಕ್ಟರು ಆಗಲೇ ಹಸಿರು ಬಣ್ಣ ತೀರಾ ಮಂಕಾಯಿತು ಅಂತ ತಗಾದೆ ತೆಗೆದಿದ್ದರು.

ಮನೆಯಲ್ಲಿ ಮಾತ್ರ ಏನೂ ನಡೆಯಲಿಲ್ಲ. "ಹೋಗೋಣವಾ?" ಅಂದರೆ ಬೊಳ್ಳಮ್ಮ "ನನಗೇನಾಗಿದೆ?" ಅನ್ನುತ್ತಿದ್ದರು. ನಿಶಿತಾ ರೇಗಿದಳು, ಸುಮ್ಮನಾದಳು, ಮತ್ತೆ ಕೇಳಿದಳು. ಆಮೇಲೊಂದು ಮಂಗಳವಾರ ಅವ್ವ ಸೀರೆಯುಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಚಲೋ, ಆಟೋ ಕರಿ. ಮನಸ್ಸು ಬದಲಾಗೋಕೆ ಮುಂಚೆ."

ಕೇಂದ್ರ ತಲುಪಿದ ಮೇಲೆ ಅವ್ವ ಒಳಗೆ ಹೋದರು. ನಿಶಿತಾ ಹೊರಗೆ ಔಷಧಿ ಅಂಗಡಿಯಿಂದ ಬ್ಯಾಂಕಿನವರೆಗೆ, ಬ್ಯಾಂಕಿನಿಂದ ಔಷಧಿ ಅಂಗಡಿಯವರೆಗೆ ನಡೆದಳು. ಎಷ್ಟು ಸಲವೋ. ಐವತ್ತು ನಿಮಿಷದ ಮೇಲೆ ಬೊಳ್ಳಮ್ಮ ಹೊರಬಂದರು. ಕಣ್ಣು ಕೆಂಪಾಗಿತ್ತು. ಇಬ್ಬರೂ ಆಟೋ ಹತ್ತಿದರು.

"ಏನಂದ್ರು ಅವ್ವ?"

"ಅಲ್ಲಿ ನನ್ನ ಮಾತಾಡಿಸಿದೋಳು ಚಿಕ್ಕ ಹುಡುಗಿ. ಆದ್ರೆ ಕೇಳಿಸ್ಕೋತಾಳೆ."

ಆಟೋ ಸಿಗ್ನಲ್ ದಾಟಿದ ಮೇಲೆ ಬೊಳ್ಳಮ್ಮ ಮತ್ತೆ ಹೇಳಿದರು: "ಮುಂದಿನ ವಾರ ನೀನು ಆಫೀಸಿಗೆ ಹೋಗು. ನಾನೊಬ್ಬಳೇ ಹೋಗ್ತೀನಿ. ನೀನು ಹೀಗೆ ಬೀದಿ ಅಳೀತಿದ್ರೆ ಕಿಟಕಿಯಿಂದ ಕಾಣುತ್ತೆ. ನಾನು ಅಳೋದು ಬಿಟ್ಟು ನಿನ್ನನ್ನೇ ನೋಡ್ತಾ ಕೂತಿದ್ದೆ."